ನಟ್ಟನಡುವಿನ ಟೇಬಲ್

"ಲೇಡೀಸ್ ಅದಾರಲ್ರಿ... ಒಳಗ ಫ್ಯಾಮಿಲಿ ರೂಮಿನ್ಯಾಗ ಕುಂದರ್ರಿ."

ಕೌಂಟರಿನ ಹಿಂದಿದ್ದ ಯುವಕ ಎದ್ದು ನಿಂತು ಹಾಲ್‌ನ ಕೊನೆಗೆ ಕೈ ತೋರಿಸಿದ. ಅಲ್ಲಿ ಸಾಲಾಗಿ ಸಣ್ಣ ಸಣ್ಣ ಕೋಣೆಗಳು. ಒಂದೊಂದಕ್ಕೂ ಒಂದೊಂದು ಕೆಂಪು ಪರದೆ.

ಪ್ರಣಿತಾ ನಿಂತಲ್ಲೇ ನಿಂತಳು.

"ಯಾಕ್ರಿ? ಇಲ್ಲಿ ಇಷ್ಟು ಟೇಬಲ್ ಖಾಲಿ ಅದಾವಲ್ಲ?"

"ಅದಾವ್ರಿ. ಆದ್ರ ಹೆಣ್ಮಕ್ಕಳಿಗೆ ಅಲ್ಲೇ ಛಲೋ. ಎಲ್ಲಾರೂ ಅಲ್ಲೇ ಕುಂದರತಾರ."

"ಪರದೆ ಹಿಂದ ಕುಂದ್ರಾಕ ನಾವೇನು ಕದ್ದು ಉಣ್ಣಾಕ ಬಂದೇವೇನ್ರಿ?"

ಹಾಲ್‌ನಲ್ಲಿ ಚಮಚಗಳ ಸದ್ದು ನಿಂತಿತು!

ಅದು 2004ರ ಡಿಸೆಂಬರ್. ಬೈಲಹೊಂಗಲದ ಪೇಟೆಯಲ್ಲಿ 'ಸಂಭ್ರಮ ಫ್ಯಾಮಿಲಿ ರೆಸ್ಟೋರೆಂಟ್' ದಸರೆಗೆ ಶುರುವಾಗಿತ್ತು. ಗಾಜಿನ ಬಾಗಿಲು, ಏಸಿ, ಪ್ಲಾಸ್ಟಿಕ್ ಹೊದಿಸಿದ ಮೆನು ಕಾರ್ಡು. ಪನೀರ್ ಟಿಕ್ಕಾ ತಿನ್ನಲು ಇನ್ನು ಬೆಳಗಾವಿಗೆ ಹೋಗಬೇಕಿಲ್ಲ ಎಂದು ಊರೆಲ್ಲ ಹೆಮ್ಮೆಪಟ್ಟಿತ್ತು. ಅದರ ಕೆಳಗೇ, ನೆಲಮಹಡಿಯಲ್ಲಿ, ಗುರುಬಸವ್ವನ ಹಳೆಯ ಖಾನಾವಳಿ. ಕೆಳಗೆ ತಾಯಿ ರೊಟ್ಟಿ ಬಡಿಯುತ್ತಿದ್ದಳು, ಮೇಲೆ ಮಗ ಕಲ್ಮೇಶ ತಂದೂರ್ ಒಲೆ ಹಚ್ಚಿದ್ದ. ಕೌಂಟರಿನಲ್ಲಿ ನಿಂತು ಈಗ ಪೆಚ್ಚಾದವನು ಅವನೇ.

ಪ್ರಣಿತಾ ಪಿಯು ಕಾಲೇಜಿಗೆ ಹೊಸದಾಗಿ ಬಂದ ರಸಾಯನಶಾಸ್ತ್ರದ ಉಪನ್ಯಾಸಕಿ. ಮೊದಲ ಪಗಾರ ಬಂದ ದಿನ ಅಪ್ಪನನ್ನು ಕೇಳಿದ್ದಳು, "ಏನ್ ಬೇಕಪ್ಪಾ ನಿನಗ?" ಅಪ್ಪ ಲಗಮಪ್ಪ ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲ. ಧೋತರ ಕೇಳಬಹುದು, ಚಪ್ಪಲಿ ಕೇಳಬಹುದು ಎಂದುಕೊಂಡಿದ್ದಳು.

ಆತ ನಾಚಿಕೊಂಡು ಹೇಳಿದ್ದ, "ಗಾಜಿನ ಬಾಗಲದ ಹೊಟೇಲ್ ಆಗೇತಲ್ಲ... ಅಲ್ಲಿ ಟೇಬಲ್ಲಿಗೆ ಹಾಕಿದ ಕಲ್ಲು ಹೊತ್ತು ಮ್ಯಾಲ ಏರಿಸಿದವ ನಾನ. ಒಮ್ಮೆ ಅದರ ಮುಂದ ಕುಂತು ಉಣಬೇಕವಾ."

ಅಂಥ ಅಪ್ಪನನ್ನು ಪರದೆಯ ಹಿಂದೆ ಕೂರಿಸುವುದೇ?

ಲಗಮಪ್ಪನ ಚಿಕ್ಕಂದಿನಲ್ಲಿ ಅವನೂರಿನ ಚಹಾದಂಗಡಿಯಲ್ಲಿ ಅವನ ಜನಕ್ಕೆ ಬೇರೆ ಕಪ್ಪು. ಅಂಗಡಿಯ ಹೊರಗೆ ಕಲ್ಲಿನ ಮೇಲೆ ಕುಳಿತು ಕುಡಿದು, ತೊಳೆದಿಟ್ಟು ಬರಬೇಕು. ಈಗ ಅವರ ಮನೆಯಲ್ಲಿ ಬುದ್ಧನ ಫೋಟೋ ಇದೆ, ಮಗಳು ಎಂಎಸ್ಸಿ ಮಾಡಿದ್ದಾಳೆ. ಆದರೂ ಯಾರಾದರೂ 'ಆ ಕಡೆ ಕೂಡು' ಎಂದರೆ ಅವನ ಕಾಲು ತಾನಾಗಿಯೇ ಆ ಕಡೆ ಹೊರಡುತ್ತಿತ್ತು. ಈಗಲೂ ಹೊರಟಿತ್ತು!

"ಇರ್ಲಿ ಬಾರವಾ, ಒಳಗ ಕುಂದ್ರೂಣು..." ಎಂದ.

ಅಷ್ಟರಲ್ಲಿ ಗೋಡೆ ಬದಿಯ ಟೇಬಲ್‌ನಿಂದ ಒಂದು ದಪ್ಪ ದನಿ. "ಏ ಲಗಮ್ಯಾ! ಇಲ್ಲೀತನಕ ಬಂದ್ಯಾ? ಚೀಲಾ ಇಳಿಸೂದು ಐತೇನು?"

ಎಪಿಎಂಸಿಯ ದಲ್ಲಾಳಿ, ಅಡತಿ ಅಂಗಡಿಯ ಅಂದಾನೆಪ್ಪ. ಗುರುಬಸವ್ವನ ತಮ್ಮ, ಕಲ್ಮೇಶನ ಸೋದರಮಾವ. ಜೊತೆಗಿದ್ದ ವ್ಯಾಪಾರಿಗಳು ನಕ್ಕರು. ಲಗಮಪ್ಪನ ಕೈ ಹೆಗಲ ಮೇಲಿನ ಟಾವೆಲ್ ತೆಗೆಯಲು ಹೋಯಿತು.

ಪ್ರಣಿತಾ ಆ ಕೈ ಹಿಡಿದಳು.

"ನಮ್ಮಪ್ಪನ ಹೆಸರು ಲಗಮಪ್ಪ ಅಂತ್ರಿ. ಚೀಲಾ ಹಗಲ ಹೊತ್ತು ಇಳಸತಾರ. ಈಗ ಊಟಕ್ಕ ಬಂದಾರ."

ಎಂದವಳೇ ಹಾಲ್‌ನ ನಟ್ಟನಡುವಿನ ಟೇಬಲ್‌ಗೆ ಹೋಗಿ ಕುರ್ಚಿ ಎಳೆದಳು. ಅಪ್ಪ ಕುರ್ಚಿಯ ತುದಿಯಲ್ಲಿ ಕುಳಿತ. ತಾಯಿ ಕೆಂಪವ್ವ ಮಾತ್ರ ಸೆರಗು ಸರಿಮಾಡಿಕೊಂಡು, ಸ್ವಂತ ಮನೆಯೇನೋ ಎಂಬಂತೆ ಪೂರ್ತಿ ಒರಗಿ ಕುಳಿತಳು.

ಮೆನು ಹಿಡಿದು ಕಲ್ಮೇಶನೇ ಬಂದ. ಅವನ ಕಿವಿ ಕೆಂಪಾಗಿದ್ದವು.

"ಏನ್ ಕೊಡ್ಲಿರಿ?"

ಲಗಮಪ್ಪ ಕಾರ್ಡನ್ನು ತಿರುವಿ ತಿರುವಿ ನೋಡಿ ಮೆಲ್ಲಗೆ ಕೇಳಿದ, "ಜ್ವಾಳದ ರೊಟ್ಟಿ ಐತೇನ್ರಿ?"

"ಇಲ್ರಿ... ನಾನ್, ಕುಲ್ಚಾ, ತಂದೂರಿ ರೋಟಿ..."

"ಜ್ವಾಳ ಬೆಳೆಯೋ ನಾಡಿನ್ಯಾಗ ರೊಟ್ಟಿ ಇಲ್ಲಂದ್ರ ಇದ್ಯಾವ ಸೀಮಿ ಹೊಟೇಲ್ರಿ?" ಎಂದಳು ಪ್ರಣಿತಾ.

ಅವನು ಅವಳನ್ನು ದಿಟ್ಟಿಸಿ ನೋಡಿದ. ಅವಳೂ ಕಣ್ಣು ತಗ್ಗಿಸಲಿಲ್ಲ. ಅವನು ಮೆನು ಅಲ್ಲೇ ಬಿಟ್ಟು ದಡದಡ ಮೆಟ್ಟಿಲಿಳಿದು ಹೋದ.

'ಜಗಳಕ್ಕೆ ಜನ ಕರೆಯಲು ಹೋದನೇನೋ... ಕರೆಯಲಿ!' ಎಂದುಕೊಂಡಳು ಪ್ರಣಿತಾ.

ಅವನು ಮರಳಿ ಬಂದಾಗ ಕೈಯಲ್ಲಿ ಬುಟ್ಟಿಯಿತ್ತು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಬೆಣ್ಣೆ. ಎಲ್ಲವನ್ನೂ ಲಗಮಪ್ಪನ ಮುಂದಿಟ್ಟು, ತುಸು ಬಾಗಿ ಹೇಳಿದ, "ಕೆಳಗ ನಮ್ಮವ್ವ ಮಾಡ್ಯಾಳ. ಉಣ್ರಿ ಯಜಮಾನ್ರ."

ಯಜಮಾನ್ರ!

ಲಗಮಪ್ಪ ರೊಟ್ಟಿ ಮುರಿಯುವುದನ್ನು ಬಿಟ್ಟು ಹಿಂದೆ ತಿರುಗಿ ನೋಡಿದ. ಬೇರೆ ಯಾರನ್ನೋ ಕರೆದಿರಬೇಕು ಅಂದುಕೊಂಡ ಪಾಪ.

ಜಗಳಕ್ಕೆ ತಯಾರಾಗಿ ಕುಳಿತ ಪ್ರಣಿತಾಳಿಗೆ ಜಗಳದ ಕಾರಣವೇ ತಪ್ಪಿಹೋಗಿತ್ತು. ಅದಕ್ಕೂ ಅವಳಿಗೆ ಅವನ ಮೇಲೇ ಸಿಟ್ಟು ಬಂತು!

* * *

ಮುಂದಿನ ಶನಿವಾರ ಅವಳು ಒಬ್ಬಳೇ ಬಂದಳು.

"ಒಬ್ಬರ ಬಂದೀರಲ್ಲ ಮೇಡಮ್ಮಾರ?"

"ಯಾಕ, ಒಬ್ಬಾಕಿಗೆ ಹೊಟ್ಟಿ ಹಸಿಯಂಗಿಲ್ಲೇನ್ರಿ?"

"ಹಂಗಲ್ರಿ, ಸುಮ್ನ ಕೇಳ್ದೆ..." ಅವನು ಮೆನು ಮುಂದಿಟ್ಟ. "ರೊಟ್ಟಿ ಸೇರಿಸೇನಿ ನೋಡ್ರಿ."

"ಎಲ್ಲೈತಿ?"

"ಕಡೀ ಪುಟದಾಗ."

"ಕಡೀ ಪುಟದಾಗ ಯಾಕ? ರೊಟ್ಟಿಗೂ ಫ್ಯಾಮಿಲಿ ರೂಮ್ ಮಾಡೀರೇನು?"

ಅವನಿಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕುಬಿಟ್ಟಳು. ಅದರ ಮುಂದಿನ ವಾರ ಜೋಳದ ರೊಟ್ಟಿ ಮೊದಲ ಪುಟದ ಮೊದಲ ಸಾಲಿಗೆ ಬಂದಿತ್ತು.

ಬೈಲಹೊಂಗಲದಲ್ಲಿ ಹೆಣ್ಣುಮಗಳೊಬ್ಬಳು ಹೊಟೇಲಿನಲ್ಲಿ ಒಬ್ಬಳೇ ಕುಳಿತು ಉಣ್ಣುವುದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಮೊದಮೊದಲು ನೋಡಿದರು. ಆಮೇಲೆ ಗುಸುಗುಸು ಮಾತಾಡಿಕೊಂಡರು. ಪ್ರಣಿತಾ ತಲೆ ಎತ್ತಿಯೇ ಉಂಡಳು. ನೋಡಿ ನೋಡಿ ಅವರಿಗೇ ಬೇಸರವಾಯಿತು.

ಮನೆಯಲ್ಲಿ ಕೆಂಪವ್ವನಿಗೆ ಮಾತ್ರ ಬೇಸರವಾಗಲಿಲ್ಲ.

"ದಿನಾ ಮನ್ಯಾಗ ನಾನೂ ರೊಟ್ಟಿನ ಮಾಡತೇನಿ. ಶನಿವಾರದ ರೊಟ್ಟಿಗೇನು ಬಂಗಾರ ಹಚ್ಚಿರತಾರೇನ ಅಲ್ಲಿ?"

"ಅವ್ವಾ, ಸುಮ್ಕಿರು!"

"ಸುಮ್ಕ ಅದೇನಿ. ನಿನ್ನ ಮಾರಿನ ಸುಮ್ಕಿಲ್ಲ."

ಕಲ್ಮೇಶ ಅವಳ ಎದುರು ಎಂದೂ ಕುಳಿತವನಲ್ಲ. ಮಾಲೀಕನಾದರೂ ಟೇಬಲ್ಲಿನ ಪಕ್ಕದಲ್ಲಿ ನಿಂತೇ ಮಾತಾಡುತ್ತಿದ್ದ. ತಂದೂರ್ ಒಲೆಯ ಬೆಂಕಿಗೆ ಅವನ ಮುಂಗೈ ಕೂದಲು ಸುಟ್ಟಿದ್ದವು. ಅಲ್ಲಲ್ಲಿ ಹಳೆಯ ಕಲೆಗಳು. ಅವಳು ಅವನ್ನು ನೋಡಬಾರದೆಂದುಕೊಂಡು ನೋಡುತ್ತಿದ್ದಳು.

ಒಮ್ಮೆ ಅವನು ಹೇಳಿದ, "ಬೆಳಗಾವ್ಯಾಗ ದೊಡ್ಡ ಹೊಟೇಲಿನ್ಯಾಗ ಕೆಲಸಕ್ಕಿದ್ದೆರಿ. ಅಲ್ಲಿ ನನಗ 'ಏ ರೊಟ್ಟಿ' ಅಂತ ಕರೀತಿದ್ರು. ರೊಟ್ಟಿ ತಿಂದು ಬೆಳದಾವ, ಇಂವಗೇನು ಗೊತ್ತು ಅಂತ. ಅವರಂಥಾದ್ದ ಹೊಟೇಲ್ ನಮ್ಮೂರಾಗ ಹಾಕಿ ತೋರಿಸಬೇಕಂತ ಹಟಾ ತೊಟ್ಟೆ."

"ಹಾಕಿದ್ರಿ. ಮತ್ತ ರೊಟ್ಟಿ ಕೆಳಗ ಬಿಟ್ಟು ಬಂದ್ರಿ."

ಅವನು ಮೆನುವಿನ ಮೊದಲ ಪುಟ ತೆರೆದು ನೋಡಿದ. "ನೀವು ಬರದಿದ್ರ ನನಗ ಅದು ತಿಳೀತಿರಲಿಲ್ಲ," ಎಂದ.

ಅಂದು ಮನೆಗೆ ನಡೆಯುತ್ತಾ ಅವಳಿಗೆ ಅರ್ಥವಾಯಿತು. ಇವನಿಗೂ ಯಾರೋ ಹೊರಗಿನ ಕಲ್ಲು ತೋರಿಸಿದ್ದಾರೆ. ಇವನೂ ಅದನ್ನು ಮರೆತಿಲ್ಲ. ಹಾಗೆಂದು ಅವನ ನೋವು, ತನ್ನ ಅಪ್ಪನ ನೋವು ಒಂದೇ ತೂಕದವಲ್ಲ. ಅವನು ಲಿಂಗಾಯತರ ಹುಡುಗ, ಊರ ನಡುವೆ ಮನೆ ಇದ್ದವನು. ಇದು ನಡೆಯುವ ಮಾತಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಆದರೂ ಶುಕ್ರವಾರ ಸಂಜೆಯಾದರೆ ಸೀರೆ ಇಸ್ತ್ರಿ ಮಾಡುತ್ತಿದ್ದಳು...

* * *

2005ರ ಜೂನ್ ತಿಂಗಳ ಒಂದು ಶನಿವಾರ.

ಪ್ರಣಿತಾ ಮೆಟ್ಟಿಲು ಹತ್ತಿ ಬಂದಾಗ ನಡುವಿನ ಟೇಬಲ್ ಖಾಲಿಯಿತ್ತು. ಅದರ ಪಕ್ಕದಲ್ಲೇ ಅಂದಾನೆಪ್ಪ, ಸುತ್ತ ಪೇಟೆಯ ಮಂದಿ. ಅವಳು ಕುರ್ಚಿಗೆ ಕೈ ಹಾಕುವಷ್ಟರಲ್ಲಿ ಕಲ್ಮೇಶ ಓಡಿ ಬಂದ. ಹಣೆಯ ಮೇಲೆಲ್ಲ ಬೆವರು.

"ಇವತ್ತೊಂದಿನ... ಒಳಗ ಬರ್ರಿ," ಎಂದ, ಪಿಸುದನಿಯಲ್ಲಿ.

"ಎಲ್ಲಿ?"

ಅವನು ಕೆಂಪು ಪರದೆಯ ಕಡೆ ನೋಡಿದ. ನಂತರ ಅವನ ಕಣ್ಣು ಮಾವನ ಕಡೆ ಹೊರಳಿತು. ಆ ಹೊರಳಿದ ಕಣ್ಣನ್ನು ಪ್ರಣಿತಾ ಕಂಡಳು.

"ಯಾಕ?"

"ಆಮ್ಯಾಲ ಹೇಳತೇನಿ. ಮೊದ್ಲ ಒಳಗ ಬರ್ರಿ, ನಿಮಗ ಕೈ ಮುಗಿತೇನಿ."

"ನಿಮ್ಮ ಮಾವ ನೋಡತಾನಂತ ನನ್ನ ಪರದೆ ಹಿಂದ ಮುಚ್ಚಿಡಾಕ ಹೊಂಟೀರಿ. ಹೌದಿಲ್ಲೋ?"

"ಹಂಗಲ್ಲ ಪ್ರಣಿತಾ..."

ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು! ಎಷ್ಟು ವಾರಗಳಿಂದ ಕೇಳಬೇಕೆಂದಿದ್ದ ಹೆಸರು. ಇಂಥ ಗಳಿಗೆಯಲ್ಲಿ, ಇಂಥ ಕಳ್ಳದನಿಯಲ್ಲಿ...

"ನಮ್ಮಪ್ಪ ಕಲ್ಲು ಹೊತ್ತು ಈ ಹಾಲ್‌ನ್ಯಾಗ ಬರಬಹುದು. ಅವನ ಮಗಳು ಇಲ್ಲಿ ನಾಲ್ಕು ಮಂದಿ ಕಣ್ಣಿಗೆ ಬೀಳಬಾರದು. ತಿಳೀತ್ರಿ. ಭಾಳ ಛಲೋ ತಿಳೀತು."

ಅವಳು ತಿರುಗಿ ಮೆಟ್ಟಿಲಿಳಿದಳು. ಅವನು ಹಿಂದೆ ಬರಲಿಲ್ಲ.

ಬರಲಿಲ್ಲ ಏಕೆಂದರೆ, ಮೊದಲನೆಯ ಪರದೆಯ ಹಿಂದೆ ಅವನ ತಾಯಿ ಕುಳಿತಿದ್ದಳು!

ಗುರುಬಸವ್ವ ಅಂದು ಮೊದಲ ಬಾರಿ ಮಗನ ಹೊಟೇಲಿನ ಮೆಟ್ಟಿಲು ಹತ್ತಿದ್ದಳು. ಇಳಕಲ್ ಸೀರೆ ಉಟ್ಟು, ತನ್ನ ಕೈಯಾರೆ ಮಾಡಿದ ರೊಟ್ಟಿ, ಗೋದಿ-ಬೆಲ್ಲದ ಮಾದ್ಲಿ ಹಿಡಿದು ಬಂದಿದ್ದಳು. ಹುಡುಗಿಗೆ ಮೊದಲೇ ಹೇಳಬಾರದೆಂದು ಮಗನಿಂದ ಆಣೆ ಹಾಕಿಸಿಕೊಂಡಿದ್ದಳು. "ಕನ್ಯಾ ನೋಡಾಕ ಬರತೇವಂತ ಹೇಳಿದ್ರ ಎಲ್ಲಾರೂ ಶಾಣ್ಯಾರ ಆಗತಾರ. ಹೇಳದ ನೋಡಬೇಕು," ಎಂಬುದು ಅವಳ ಲೆಕ್ಕ. ಗಂಡಸರು ಊಟಕ್ಕೆ ಕುಳಿತ ಹಾಲ್‌ನಲ್ಲಿ ಕನ್ಯೆ ನೋಡುವ ಪದ್ಧತಿ ಅವರ ಮನೆತನದಲ್ಲಿ ಇರಲಿಲ್ಲ. ಅದಕ್ಕೇ ಒಳಗೆ ಕುಳಿತಿದ್ದಳು.

ಪರದೆ ಸರಿಸಿ ಅವಳು ಹೊರಗೆ ಬಂದಾಗ ಮುಖ ಬಿಗಿದಿತ್ತು.

"ನಾ ಕುಂತಲ್ಲಿಗೆ ಬರಾಕ ಆಕಿಗೆ ಸಣ್ಣಸ್ತಿಕಿ ಆತು. ಇನ್ನ ಆಕಿ ಇದ್ದಲ್ಲಿಗೆ ನಾ ಹೋಗಂಗಿಲ್ಲ," ಎಂದಳು. ಮಾದ್ಲಿಯ ಬುಟ್ಟಿ ಎತ್ತಿಕೊಂಡು ಕೆಳಗಿಳಿದಳು.

* * *

ಪ್ರಣಿತಾ ಆ ರಾತ್ರಿ ಅಳಲಿಲ್ಲ. ಹಾಗೆಂದು ಬರೆದರೆ ಸುಳ್ಳಾಗುತ್ತದೆ. ಅತ್ತಳು, ಆದರೆ ಸಿಟ್ಟಿನಿಂದ.

'ಇಷ್ಟು ದಿನ ನನ್ನನ್ನು ನಡುವೆ ಕೂರಿಸಿದ್ದು ಗಿರಾಕಿ ಎಂದು. ಮನೆಯವರ ಕಣ್ಣಿಗೆ ಬೀಳುವ ಹೊತ್ತಿಗೆ ಪರದೆ ಬೇಕಾಯಿತು!'

ನಡೆದದ್ದನ್ನು ಅವಳಿಂದ ತಿಳಿದು ಲಗಮಪ್ಪ ಪಕ್ಕದಲ್ಲಿ ಬಂದು ಕುಳಿತ.

"ನಿನಗ ಸಿಟ್ಟು ನಂದ ಬಂದೈತವಾ," ಎಂದ. "ನಾ ನುಂಗಿ ನುಂಗಿ ಇಟ್ಟದ್ದು. ಅದನ್ನ ಎಲ್ಲಿ ಕಾರಬೇಕು, ಎಲ್ಲಿ ಕಾರಬಾರದು, ಅಷ್ಟ್ ನೋಡ್ಕೋ."

ಕಲ್ಮೇಶ ಕಾಲೇಜಿನ ಗೇಟಿಗೆ ಬಂದ. ಅವಳು ಗೋಡೆಯನ್ನು ನೋಡುವಂತೆ ಅವನನ್ನು ನೋಡಿ ನಡೆದಳು. ಮರುದಿನ ಮತ್ತೆ ಬಂದ. ಮತ್ತೆ ಗೋಡೆಯಾದ.

ಆ ಬುಧವಾರ ಅವಳಿಗೆ ಕಿತ್ತೂರಿನಲ್ಲಿ ಪೂರಕ ಪರೀಕ್ಷೆಯ ಕೆಲಸ. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತಿದ್ದಳು. ಒಳಗೆ ಪರೀಕ್ಷೆ ಬರೆಯುವ ಹುಡುಗ ಹುಡುಗಿಯರು, ಮೊಸರಿನ ಗಡಿಗೆಯವರು, ಕಾಲಿಡಲು ಜಾಗವಿಲ್ಲ.

ಕಿಟಕಿಯ ಹೊರಗೆ ಕಲ್ಮೇಶ ಪ್ರತ್ಯಕ್ಷನಾದ.

"ಒಂದ್ ಮಾತು ಕೇಳ್ರಿ."

ಅವಳು ಕಿಟಕಿಯ ಗಾಜು ಎಳೆಯಲು ನೋಡಿದಳು. ಅದು ಸಾರಿಗೆ ಸಂಸ್ಥೆಯ ಗಾಜು. ಜಗ್ಗಿದರೂ ಅಲ್ಲಾಡಲಿಲ್ಲ!

"ಅವತ್ತು ಒಳಗ ನಮ್ಮವ್ವ ಕುಂತಿದ್ಲು!" ಎಂದು ಅವನು ಕೂಗಿಯೇಬಿಟ್ಟ.

ಬಸ್ಸಿನೊಳಗಿದ್ದವರೆಲ್ಲ ಕಿಟಕಿಯ ಕಡೆ ತಿರುಗಿದರು.

"ಏನಂದ್ರಿ?"

"ನಮ್ಮವ್ವ ಕುಂತಿದ್ಲು ಅಂದೆ. ನಿಮ್ಮನ್ನ ನೋಡಾಕ ಬಂದಿದ್ಲು. ಮಾದ್ಲಿ ಮಾಡ್ಕೊಂಡು ಬಂದಿದ್ಲು. ಹೇಳಬಾರದಂತ ಆಣಿ ಹಾಕಿಸಿದ್ಲು."

ಮೊಸರಿನ ಗಡಿಗೆಯ ಮುದುಕಿ ಲೊಚ್ಚೆಂದಳು. "ಅಯ್ಯ ನನ ಶಿವನ... ಮಾದ್ಲಿ ಮಾಡ್ಕೊಂಡು ಬಂದಿದ್ಲಂತ ನೋಡ್ರಿ."

ಪ್ರಣಿತಾ ಗಾಜಿನಿಂದ ಕೈ ತೆಗೆದಳು. "ಮತ್ತ ನಿಮ್ಮ ಮಾವನ ಕಡೆ ಯಾಕ ನೋಡಿದ್ರಿ? ಅದನ್ನೂ ನಿಮ್ಮವ್ವ ಹೇಳಿದ್ರೇನು?"

ಅವನು ತಲೆ ತಗ್ಗಿಸಿದ. ನಂತರ ಎತ್ತಿದ.

"ಇಲ್ಲ. ಅದು ನಂದ. ಒಂದ್ ಗಳಿಗಿ ಅಂಜಿದೆ. ಸುಳ್ಳು ಹೇಳಂಗಿಲ್ಲ. ಅವ್ವ ನಿಮ್ಮನ್ನ ನೋಡೂಕಿಂತ ಮೊದ್ಲ ಮಾವ ಬಾಯಿ ಹಾಕಿದ್ರ ಎಲ್ಲಾ ಕೆಡತೈತಿ ಅಂತ ಅಂಜಿದೆ. ಆದ್ರ ಅಂಜಿದ್ದು ಅಂಜಿದ್ದ."

"ಏ ತಮ್ಮಾ!" ಕಂಡಕ್ಟರ್ ಬಾಗಿಲಿನಿಂದ ಕೂಗಿದ. "ಹತ್ತಾವಿದ್ರ ಹತ್ತು, ತಪ್ಪು ಒಪ್ಪಿಕೊಳ್ಳಾವಿದ್ರ ಕಿತ್ತೂರಿಗೆ ಟಿಕೀಟ್ ತಗೊಂಡು ಒಪ್ಪಿಕೋ. ನನ್ನ ಗಾಡಿ ಲೇಟ್ ಆಗಾಕತ್ತೈತಿ."

ಬಸ್ಸೆಲ್ಲ ನಕ್ಕಿತು. ಕಂಡಕ್ಟರ್ ಸೀಟಿ ಊದಿದ.

ಪ್ರಣಿತಾ ಬಸ್ಸಿನಿಂದ ಇಳಿಯಲಿಲ್ಲ. ಇಳಿಯಲು ಮನಸ್ಸಿತ್ತು. ಆದರೆ ಅಷ್ಟೊಂದು ಮಕ್ಕಳ ಪರೀಕ್ಷೆ ಅವಳ ಪ್ರೀತಿಗಾಗಿ ಕಾಯುವಂತಿರಲಿಲ್ಲ. ಕಿಟಕಿಯಿಂದ ತಿರುಗಿ ನೋಡಿದಳು. ಅವನು ಧೂಳಿನಲ್ಲಿ ನಿಂತೇ ಇದ್ದ.

* * *

ಸಂಜೆ ಕಿತ್ತೂರಿನಿಂದ ಮರಳಿದವಳು ಮನೆಗೆ ಹೋಗಲಿಲ್ಲ. ಮೆಟ್ಟಿಲನ್ನೂ ಹತ್ತಲಿಲ್ಲ. ನೇರವಾಗಿ ಕೆಳಗಿನ ಖಾನಾವಳಿಯ ಅಡುಗೆಮನೆಗೆ ಹೋದಳು.

ಗುರುಬಸವ್ವ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಎತ್ತರದ ಆಳು, ಹಣೆಯಲ್ಲಿ ವಿಭೂತಿ, ಮೊಣಕೈವರೆಗೆ ಹಿಟ್ಟು. ತಲೆ ಎತ್ತಿ ನೋಡಿದಳು. ಕೈ ನಿಲ್ಲಲಿಲ್ಲ.

"ನಾ ಪ್ರಣಿತಾ ರಿ."

"ದನಿ ಗುರ್ತೈತಿ. ಅವತ್ತು ಪರದೆ ಹಿಂದಿಂದ ಕೇಳೇನಿ."

"ತಪ್ಪಾತ್ರಿ ಅವ್ವಾರ."

"ಯಾವುದು ತಪ್ಪಾತು? ಒಳಗ ಬರದ್ದೋ, ಕೇಳಲಾರದ ಹೋದದ್ದೋ?"

'ಎರಡೂ' ಎಂದರೆ ಎಲ್ಲ ಸರಿಹೋಗುತ್ತಿತ್ತು. ಒಂದೇ ಒಂದು ಮಾತು...

"ಕೇಳಲಾರದ ಹೋದದ್ದು ತಪ್ಪಾತ್ರಿ. ಅದಕ್ಕ ನಿಮ್ಮ ಕಾಲು ಮುಟ್ಟತೇನಿ. ಒಳಗ ಬರದ್ದು ತಪ್ಪಲ್ಲ. ಇನ್ನೊಮ್ಮೆ ಕರೆದ್ರೂ ಬರಂಗಿಲ್ರಿ."

ರೊಟ್ಟಿಯ ಸದ್ದು ನಿಂತಿತು.

ಗುರುಬಸವ್ವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಕುಂದ್ರು," ಎಂದಳು, ಪಕ್ಕದ ಮಣೆ ಸರಿಸಿ. "ನೀ ಯಾರ ಮಗಳು ಅಂತ ಕಲ್ಮೇಶ ಹೇಳ್ದಾಗ ನಾ ಸುಮ್ನ ಒಪ್ಪಲಿಲ್ಲ, ತಿಳಕೋ. 'ಆಕಿ ಕೈಯಾಗಿನ ಅನ್ನ ಯಾರು ಉಣತಾರೋ' ಅಂದೆ. ನನ್ನ ಬಾಯಿಲೆ ಅಂದೆ."

ಪ್ರಣಿತಾ ಮಣೆ ಬಿಟ್ಟು ಏಳಲು ಹೋದಳು.

"ಅಂದ ಮ್ಯಾಲ ಆ ಮಾತು ಎಲ್ಲೋ ಕೇಳೇನಲ್ಲ ಅನಿಸ್ತು. ನನ್ನ ಗಂಡ ಸತ್ತಾಗ ಖಾನಾವಳಿ ಹಾಕತೇನಂದೆ. ನಮ್ಮ ಮಂದಿನ, ನನ್ನ ಸ್ವಂತ ಮಂದಿ, 'ಗಂಡ ಸತ್ತಾಕಿ ಕೈಯಾಗಿನ ಅನ್ನ ಯಾರು ಉಣತಾರ' ಅಂದ್ರು. ಮೊದಲ ದಿನ ಒಬ್ಬರೂ ಬರಲಿಲ್ಲ. ಮಾಡಿದ್ದೆಲ್ಲಾ ದನಕ್ಕ ಹಾಕಿದೆ. ಆ ಮಾತು ನನ್ನ ಬಾಯಾಗ ಹೆಂಗ ಬಂತು? ನಾಚಿಕಿ ಆತವಾ. ಅದಕ್ಕ ಮ್ಯಾಲ ಬಂದೆ, ನಿನ್ನ ನೋಡಾಕ."

ಪ್ರಣಿತಾಳ ಕಣ್ಣು ತುಂಬಿದವು. ಈ ಬಾರಿ ಸಿಟ್ಟಿನಿಂದಲ್ಲ.

"ಅವ್ವಾರ, ನೀವು ಇಷ್ಟ್ ಮಂದಿಗೆ ಉಣಿಸೀರಿ. ಒಮ್ಮೆನಾದ್ರೂ ಮ್ಯಾಲ ಕುಂತು ಉಂಡೀರೇನು?"

"ನಾನಾ? ಅಡಗಿ ಮಾಡಾಕಿ ಗಿರಾಕಿ ಮುಂದ ಕುಂತು ಉಂಡ್ರ ಛಂದ ಕಾಣತೈತೇನ?"

"ಎಲ್ಲಾರೂ ಆದ ಮ್ಯಾಲ ಉಣತೀರಿ. ಇಲ್ಲೇ, ಒಲಿ ಮುಂದ."

"ಹೂಂ. ಮತ್ತೆಲ್ಲಿ?"

"ನಿಮ್ಮದ ಹೊಟೇಲ್ರಿ ಅದು. ನಾ ಕರಿಯಾಕ ಬಂದೇನಿ. ಹಾಲ್‌ನ್ಯಾಗ, ಎಲ್ಲಾರ ಮುಂದ, ನನ್ನ ಜೋಡಿ ಕುಂತು ಉಣ್ರಿ. ಅಲ್ಲೇ ನೋಡ್ರಿ ನನ್ನ, ಎಷ್ಟ್ ನೋಡಬೇಕಂತೀರಿ ಅಷ್ಟು."

ಹಂಚಿನ ಮೇಲಿನ ರೊಟ್ಟಿ ಹೊತ್ತತೊಡಗಿತು. ಗುರುಬಸವ್ವ ಅದನ್ನು ತೆಗೆದು ಕೆಲಸದವಳಿಗೆ ಒಲೆ ಒಪ್ಪಿಸಿ, ಕೈ ತೊಳೆದು, ಸೆರಗು ಸರಿಮಾಡಿಕೊಂಡು ಎದ್ದಳು.

"ನಡಿ," ಎಂದಳು. "ನಾನೂ ನೋಡತೇನಿ, ನನ್ನ ಮಗ ಹೆಂಗ ನೀಡತಾನಂತ."

* * *

ಇಬ್ಬರೂ ಗಾಜಿನ ಬಾಗಿಲು ತಳ್ಳಿ ಒಳಗೆ ಬಂದಾಗ ಕೌಂಟರಿನಲ್ಲಿದ್ದ ಕಲ್ಮೇಶನ ಕೈಯಿಂದ ಪೆನ್ನು ಬಿತ್ತು.

ಗುರುಬಸವ್ವ ಯಾರ ಕಡೆಗೂ ನೋಡಲಿಲ್ಲ. ನಡುವಿನ ಟೇಬಲ್‌ಗೆ ಹೋಗಿ ಕುಳಿತಳು. ಎದುರಿಗೆ ಪ್ರಣಿತಾ. ಗಿರಾಕಿಗಳು ಊಟ ನಿಲ್ಲಿಸಿ ನೋಡಿದರು. ಊರಿಗೆಲ್ಲ ಉಣಿಸಿದ ಖಾನಾವಳಿಯ ಗುರುಬಸವ್ವ ತಾಟಿನ ಮುಂದೆ ಕುಳಿತದ್ದನ್ನು ಆ ಊರು ನೋಡಿರಲಿಲ್ಲ.

ಗೋಡೆ ಬದಿಯ ಟೇಬಲ್‌ನಲ್ಲಿ ಉಣ್ಣುತ್ತಿದ್ದ ಅಂದಾನೆಪ್ಪ ಕುರ್ಚಿಯಿಂದ ಅರ್ಧ ಎದ್ದ.

"ಅಕ್ಕಾ! ಏನಿದು? ಯಾರ ಜೋಡಿ ಕುಂತ್ಯಾವಾ, ಗೊತ್ತೈತಿಲ್ಲೋ?"

"ಗೊತ್ತೈತಿ ತಮ್ಮಾ. ನನ್ನ ಮಗ ಮೆಚ್ಚಿದ ಹುಡುಗಿ ಜೋಡಿ. ಆಕಿ ಇನ್ನಾ ಹೂಂ ಅಂದಿಲ್ಲ, ನೀ ಗದ್ದಲಾ ಮಾಡಬ್ಯಾಡ."

ಯಾರೋ ಕೆಮ್ಮಿದರು. ಯಾರೋ ನಗು ನುಂಗಿದರು. ಅಂದಾನೆಪ್ಪನ ಮುಖ ಕಪ್ಪಿಟ್ಟಿತು. ತಾಟಿನಲ್ಲಿದ್ದ ಅನ್ನ ಹಾಗೇ ಬಿಟ್ಟು ಎದ್ದು ಹೊರಟುಹೋದ. ಗಾಜಿನ ಬಾಗಿಲು ಬಹಳ ಹೊತ್ತು ಅಲ್ಲಾಡುತ್ತಿತ್ತು.

ಗುರುಬಸವ್ವನ ನೆಟ್ಟಗಿದ್ದ ಬೆನ್ನು ಒಂದು ಗಳಿಗೆ ಬಾಗಿತು.

"ತವರಿಗೆ ಅಂತ ಇದ್ದಾವ ಅಂವ ಒಬ್ಬನ," ಎಂದಳು ಮೆಲ್ಲಗೆ. "ಬರೋ ಪಂಚಮಿಗೆ ಕರಿಯಾಕ ಬರಂಗಿಲ್ಲ ಇನ್ನ."

ಗೆದ್ದೆ ಎಂದುಕೊಂಡಿದ್ದ ಪ್ರಣಿತಾಳಿಗೆ ಆಗ ತಿಳಿಯಿತು, ಈ ಕುರ್ಚಿಯಲ್ಲಿ ಕುಳಿತದ್ದಕ್ಕೆ ಈ ತಾಯಿ ಏನನ್ನು ಕಳೆದುಕೊಂಡಳೆಂದು. ನಾಗರ ಪಂಚಮಿಗೆ ಅಣ್ಣತಮ್ಮಂದಿರು ಬಂದು ಕರೆಯದ ಹೆಣ್ಣುಮಗಳ ಸಂಕಟ ಯಾವ ಊರಿನಲ್ಲೂ ಸಣ್ಣದಲ್ಲ.

ಅವಳು ಟೇಬಲ್ಲಿನ ಮೇಲಿದ್ದ ಆ ಒರಟು ಕೈಯ ಮೇಲೆ ತನ್ನ ಕೈ ಇಟ್ಟಳು.

"ಅವರು ಬರದಿದ್ರ ನಮ್ಮಪ್ಪ ಬರತಾನ್ರಿ ನಿಮ್ಮನ್ನ ಕರಿಯಾಕ."

"ನಿಮ್ಮ ಮನ್ಯಾಗ ಪಂಚಮಿ ಮಾಡತೀರೇನವಾ?"

"ಮಾಡಂಗಿಲ್ರಿ. ಆದ್ರ ಅವ್ವ ನಿಮಗಂತ ಉಂಡಿ ಕಟ್ಟತಾಳ. ಅಕ್ಕ ಅಂತ ಕರಕೊಂಡು ಹೋಗಾಕ ನಮ್ಮಪ್ಪಗ ಭಾಳ ಹೆಮ್ಮಿ ಆಗತೈತಿ."

ಗುರುಬಸವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಆ ಹೊತ್ತಿಗೆ ರೊಟ್ಟಿಯ ಬುಟ್ಟಿ ಹಿಡಿದು ಬಂದ ಕಲ್ಮೇಶ ಅಲ್ಲೇ ಕಲ್ಲಾಗಿ ನಿಂತಿದ್ದ.

"ಅಂದ್ರ..." ಅವನು ಬುಟ್ಟಿ ಟೇಬಲ್ಲಿನ ಮೇಲಿಟ್ಟ. "ಹೂಂ ಅಂದಂಗ ಆತೇನ್ರಿ?"

"ಯಾವುದಕ್ಕ ಹೂಂ?" ಪ್ರಣಿತಾ ಹುಬ್ಬೇರಿಸಿದಳು. "ನೀವು ನನಗ ಏನೂ ಕೇಳೇ ಇಲ್ಲಲ್ಲ?"

ಗುರುಬಸವ್ವ ಮಗನ ಕಡೆ ತಿರುಗಿದಳು. "ಕೇಳೇ ಇಲ್ಲಾ? ನಾ ಇಳಕಲ್ ಸೀರಿ ಉಟ್ಟು, ಮಾದ್ಲಿ ಮಾಡಿ, ತಮ್ಮನ ಕಳಕೊಂಡು ಕುಂತೇನಿ... ನೀ ಇನ್ನಾ ಕೇಳೇ ಇಲ್ಲಾ?"

"ಅವ್ವಾ, ಅದು..."

"ಹೋಗಲೇ, ಮುಕ್ಕಾ!"

ಅವಳು ರೊಟ್ಟಿ ಮುರಿದು, ಎಣ್ಣೆಗಾಯಿ ಹಚ್ಚಿ, ಎಲ್ಲರೆದುರು, ನಿಧಾನವಾಗಿ, ಪೂರ್ತಿ ಉಂಡಳು. ಉಂಡು ಕೈ ತೊಳೆಯಲು ಎದ್ದಾಗ ಪ್ರಣಿತಾಳ ತಲೆ ಸವರಿದಳು. "ಉಪ್ಪು ಜರಾ ಕಡಿಮಿ ಆಗೇತಿ ಇವತ್ತು," ಎಂದು ತನ್ನ ಅಡುಗೆಗೆ ತಾನೇ ಕೊಂಕು ತೆಗೆದು ಕೆಳಗಿಳಿದು ಹೋದಳು.

ಟೇಬಲ್ಲಿನ ಪಕ್ಕದಲ್ಲಿ ಕಲ್ಮೇಶ ಇನ್ನೂ ನಿಂತೇ ಇದ್ದ.

"ಕುಂದರ್ರಿ," ಎಂದಳು ಪ್ರಣಿತಾ.

"ಗಿರಾಕಿ ಅದಾರ..."

"ಇರ್ಲಿ. ಅವರೂ ನೋಡ್ಲಿ."

ಅವನು ಕುಳಿತ. ಅವರಿಬ್ಬರ ನಡುವೆ ಅಪ್ಪ ಹೊತ್ತು ತಂದ ಕಲ್ಲಿನಷ್ಟೇ ಅಂತರ. ಅವನು ಕೇಳಿದ, ಪಕ್ಕದ ಟೇಬಲ್ಲಿಗೂ ಕೇಳುವಷ್ಟು ಗಟ್ಟಿಯಾಗಿ.

"ಪ್ರಣಿತಾ, ನನ್ನ ಲಗ್ನ ಆಗತೀರೇನು?"

"ಆಗತೇನಿ."

ಅಷ್ಟೇ. ಅವಳು ನಾಚಿ ತಲೆ ತಗ್ಗಿಸಲಿಲ್ಲ. ಅವನೇ ತಗ್ಗಿಸಿದ! ಸುಟ್ಟ ಕಲೆಗಳ ಆ ಕೈ ಕಲ್ಲಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು.

"ಯಾಕ್ರಿ, ಅಂಜಿಕಿ ಬರಾಕತ್ತೇತೇನು?" ಎಂದಳು.

"ಹೂಂ. ಮಾವ, ಮಂದಿ, ಊರು... ಭಾಳ ಅಂಜಿಕಿ ಐತಿ. ಆದ್ರ ಏಳಂಗಿಲ್ಲ ಇಲ್ಲಿಂದ." ಅವನು ತಲೆ ಎತ್ತಿದ. "ನಿಮಗ ಯಾವತ್ತೂ ಅಂಜಿಕಿ ಬರಂಗಿಲ್ಲೇನು?"

ಪ್ರಣಿತಾ ಸುತ್ತಲೂ ಒಮ್ಮೆ ನೋಡಿ, ಮುಂದಕ್ಕೆ ಬಾಗಿದಳು.

"ದಿನಾ ಬರತೈತಿ. ಈ ಬಾಗಲಾ ದಾಟೂ ಮುಂದ ಪ್ರತಿ ಶನಿವಾರ ಬರತಿತ್ತು. ಯಾರಿಗೂ ಹೇಳಬ್ಯಾಡ್ರಿ."

"ಇಲ್ಲ," ಎಂದ ಅವನು. "ಹೇಳಂಗಿಲ್ಲ."